ಕೆಂಚನ ಕಂಬಳಿ

ಕಂಬಳಿ ನೇಯುವವರ ಮನೆಯ ನಾಯಿಯೇ ಚಳಿಗೆ ನಡುಗಿತು ಅಂದರೆ ನೀವು ನಂಬುತ್ತೀರಾ ಮಕ್ಕಳೇ? ನಮ್ಮ ಮನೆಯಲ್ಲಿ ನಡುಗಿತ್ತು. ತಪ್ಪು ಮಾಡಿದವಳು ಬೇರೆ ಯಾರೂ ಅಲ್ಲ, ನಾನೇ. ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ.

ನನಗಾಗ ಹತ್ತು ವರ್ಷ. ಅಪ್ಪ ನೆಲದಲ್ಲಿ ತೋಡಿದ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಹಗಲೆಲ್ಲ ನೇಯುತ್ತಿದ್ದ. ಅವ್ವ, ನಾನು ಉಣ್ಣೆ ನೂಲುತ್ತಿದ್ದೆವು. ಮನೆ ತುಂಬ ಉಣ್ಣೆಯ ವಾಸನೆ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ಆ ವಾಸನೆ ಈಗ ಎಲ್ಲೂ ಸಿಗುವುದಿಲ್ಲ. ಅಪ್ಪಿತಪ್ಪಿ ಮೂಗಿಗೆ ಬಿದ್ದರೆ ನನಗೆ ಮೊದಲು ನೆನಪಾಗುವವನು ಕೆಂಚ. ಕೆಂಚ ನಮ್ಮ ನಾಯಿ. ನನಗಿಂತ ಒಂದೇ ವರ್ಷ ಚಿಕ್ಕವನು, ಆದರೆ ನಾಯಿಗಳ ಪೈಕಿ ಆಗಲೇ ಮುದುಕ.

ಆ ವರ್ಷ ದೀಪಾವಳಿ ಮುಗಿಯುತ್ತಲೇ ಹಲ್ಲು ಕಟಕಟ ಅನ್ನುವ ಚಳಿ ಬಿತ್ತು. ಕೆಂಚನಿಗೊಂದು ಕಂಬಳಿ ಬೇಕೇ ಬೇಕು ಅಂತ ಹಟ ಹಿಡಿದೆ. "ನೂಲು ನೀ ಕೊಡು, ನಾ ನೇಯ್ತೀನಿ," ಅಂದ ಅಪ್ಪ. ಒಂದು ತಿಂಗಳು ಆಟ ಬಿಟ್ಟು ನೂತೆ. ಅಪ್ಪ ಅಂಚಿಗೆ ಕೆಂಪು ಪಟ್ಟಿ ಇಟ್ಟು ಪುಟ್ಟ ಕಂಬಳಿ ನೇಯ್ದುಕೊಟ್ಟ. ಮರುದಿನ ಮಾರುವ ಕಂಬಳಿಗಳ ಗಂಟು ಹೊತ್ತು ಸಂತೆ ಸುತ್ತಲು ಹೊರಟುಹೋದ.

ನನ್ನ ಜಂಬ ಏನು ಹೇಳಲಿ. ಒಳಗೆ ಹಾಸಿದರೆ ಯಾರು ನೋಡುತ್ತಾರೆ ಅಂತ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಹಾಸಿದೆ. ಅದೂ ಸುಮ್ಮನೆ ಅಲ್ಲ. ನಮ್ಮವರಲ್ಲಿ ದೇವರಿಗಾಗಲಿ ಬೀಗರಿಗಾಗಲಿ ಕಂಬಳಿ ಹಾಸುವ ಮೊದಲು ನೆಲ ಸಾರಿಸಬೇಕು. ನನ್ನ ಕೆಂಚ ಬೀಗರಿಗಿಂತ ಕಡಿಮೆಯೇ? ದಿನಾ ಸಂಜೆ ಕಟ್ಟೆಯನ್ನು ಸಗಣಿಯಿಂದ ಸಾರಿಸಿ, ಅದರ ಮೇಲೆ ಕಂಬಳಿ ಹಾಸಿ ಅವನನ್ನು ಮಲಗಿಸುತ್ತಿದ್ದೆ. ಹಗಲೆಲ್ಲ ಬಿಸಿಲಿಗೆ ಹಾಕಿದ ಕಂಬಳಿ ಹಾಸುವಾಗ ಬೆಚ್ಚಗಿರುತ್ತಿತ್ತು. ಕೆನ್ನೆ ಒತ್ತಿ ನೋಡಿ ಖುಷಿಪಡುತ್ತಿದ್ದೆ. ಬೆಳಗ್ಗೆ ಒದ್ದೆಯಾಗಿದ್ದರೆ ಇಬ್ಬನಿ ಅಂದುಕೊಳ್ಳುತ್ತಿದ್ದೆ.

"ಏನ ಯವ್ವಾ, ನಾಯಿಗೂ ಗದ್ದಿಗಿ ಹಾಕೀಯಲ್ಲ," ಅಂತ ಪಕ್ಕದ ಮನೆ ದ್ಯಾಮವ್ವ ನಗುತ್ತಿದ್ದಳು. ನಾನು ಇನ್ನಷ್ಟು ಉಬ್ಬುತ್ತಿದ್ದೆ.

ಮೂರನೇ ಬೆಳಗ್ಗೆ ನೋಡಿದರೆ ಕೆಂಚ ಕಂಬಳಿಯ ಮೇಲೆ ಇಲ್ಲ. ಹಿತ್ತಲಿನ ನೀರೊಲೆಯ ಬೂದಿಯಲ್ಲಿ ಮುದುಡಿಕೊಂಡಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಬೆರಳು ಸವೆಸಿ ನೂತ ಕಂಬಳಿ ಬಿಟ್ಟು ಇವನಿಗೆ ಬೂದಿ ಬೇಕಾಯಿತಂತೆ. ಅಂದಿನಿಂದ ದಿನಾ ಸಂಜೆ ಅವನು ಕಂಬಳಿ ಬಿಟ್ಟು ಕದಲದ ಹಾಗೆ ಗಿಡ್ಡ ಹಗ್ಗ ಹಾಕಿ ಕಟ್ಟತೊಡಗಿದೆ.

"ನಾಯಿ ಕೆಮ್ಮತೈತಲ್ಲ," ಅಂದಳು ಅವ್ವ ಒಂದು ದಿನ.

"ಕಂಬಳಿ ಐತಲ್ಲವ್ವ," ಅಂದೆ. ಕಂಬಳಿ ಇದೆ ಅಂದ ಮೇಲೆ ಅವಳೂ ಸುಮ್ಮನಾದಳು. ನನ್ನನ್ನು ಕಂಡಾಗಲೆಲ್ಲ ಕೆಂಚ ಬಾಲ ಅಲ್ಲಾಡಿಸುತ್ತಿದ್ದ. ಬೆಚ್ಚಗಿದ್ದೇನೆ ಅನ್ನುತ್ತಿದ್ದಾನೆ ಅಂದುಕೊಂಡೆ.

ಎಂಟನೇ ದಿನ ಬೆಳ್ಳಂಬೆಳಗ್ಗೆ ಅಪ್ಪ ಬಂದ. ಅವನ ಹೆಜ್ಜೆ ಸಪ್ಪಳಕ್ಕೇ ಓಣಿಯ ತುದಿವರೆಗೆ ಓಡುವ ಕೆಂಚ ಅವತ್ತು ತಲೆಯನ್ನೂ ಎತ್ತಲಿಲ್ಲ. ಬಾಲದ ತುದಿ ಒಮ್ಮೆ ಅಲುಗಿತು, ಅಷ್ಟೆ. ಅಪ್ಪ ಗಂಟು ಇಳಿಸಿ, ಹಗ್ಗ ಬಿಚ್ಚಿ, ಅವನ ಹೊಟ್ಟೆಯ ಅಡಿಗೆ ಕೈ ತೂರಿಸಿದ. ಆಮೇಲೆ ನನ್ನನ್ನು ಕರೆದ.

"ಮಗಳ, ಇಲ್ಲಿ ಕೈ ಇಟ್ಟು ನೋಡು."

ಇಟ್ಟೆ. ಕಂಬಳಿ ಅಡಿಯಿಂದ ತೊಯ್ದು ಕೊರೆಯುತ್ತಿತ್ತು. ಬೀಗರಿಗಾದರೆ ಬೆಳಗ್ಗೆ ಸಾರಿಸುತ್ತೇವೆ, ಅವರು ಬರುವ ಹೊತ್ತಿಗೆ ನೆಲ ಒಣಗಿರುತ್ತದೆ. ನಾನು ಸಾರಿಸುತ್ತಿದ್ದುದು ಚಳಿಗಾಲದ ಸಂಜೆ. ಹಸಿ ನೆಲದ ನೀರನ್ನೆಲ್ಲ ಉಣ್ಣೆ ಕುಡಿದಿತ್ತು. ಅದರ ಮೇಲೆ ನನ್ನ ಕೆಂಚನನ್ನು ನಾನೇ ಕಟ್ಟಿಹಾಕಿದ್ದೆ.

"ಯಪ್ಪಾ, ನಾ ಅವಂಗ ಕಂಬಳಿ ಕೊಟ್ಟಿದ್ದೆ. ಅವ ಅದನ್ನ ಬಿಟ್ಟು ಬೂದ್ಯಾಗ ಹೋಗಿ ಮಲಗಿದ, ಅದಕ್ಕ ಕಟ್ಟಿದೆ," ಅಂತ ಅತ್ತೆ.

"ಕೊಟ್ಟಿದ್ದಿ, ಇಲ್ಲ ಅನ್ನಂಗಿಲ್ಲ. ಆದ್ರ ಅವ ಎದ್ದು ಬೂದಿಗೆ ಹೋದಾಗ ಯಾಕ ಹೋದ ಅಂತ ನೋಡಲಿಲ್ಲ. ಹಗ್ಗ ಹಾಕಿದಿ."

"ಬಾಲ ಅಲ್ಲಾಡಸ್ತಿದ್ದ."

"ನೀ ಬಂದಿ ಅಂತ ಅಲ್ಲಾಡಸ್ತಿದ್ದ ಮಗಳ. ಕಂಬಳಿ ಸಲುವಾಗಿ ಅಲ್ಲ."

ಅಪ್ಪ ಮತ್ತೇನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗ್ಗದ ಕುಣಿಯಲ್ಲಿ ಒಣಹುಲ್ಲು ತುಂಬಿ, ಮೇಲೆ ಗೋಣಿಚೀಲ ಹಾಸಿ ಕೆಂಚನನ್ನು ಅದರೊಳಗೆ ಇಳಿಸಿದ. ನಾಲ್ಕು ದಿನ ಅವನು ಏನೂ ತಿನ್ನಲಿಲ್ಲ. ನಾನು ಅಲ್ಲೇ ಕುಣಿಯ ಅಂಚಿನಲ್ಲಿ ಕೂತಿದ್ದೆ. ಐದನೇ ದಿನ ನನ್ನ ಅಂಗೈಯಿಂದ ಜೋಳದ ಬಿಸಿ ಅಂಬಲಿ ನೆಕ್ಕಿದ. ನನಗೆ ಹೋದ ಜೀವ ಬಂದಂತಾಯಿತು.

ಇನ್ನೂ ಎರಡು ಚಳಿಗಾಲ ಕೆಂಚ ಆ ಕುಣಿಯಲ್ಲೇ, ಒಣ ಹುಲ್ಲಿನ ಮೇಲಿನ ಒಣ ಕಂಬಳಿಯಲ್ಲಿ ಮಲಗಿದ. ಅಪ್ಪ ಅವನ ಬೆನ್ನಿಗೆ ಪಾದ ತಾಗಿಸಿಕೊಂಡೇ ನೇಯುತ್ತಿದ್ದ. ಯಾರು ಯಾರನ್ನು ಬೆಚ್ಚಗಿಟ್ಟರೋ ಹೇಳಲಾರೆ.

ಈಗ ಆ ಮಗ್ಗವೂ ಇಲ್ಲ, ಅಪ್ಪನೂ ಇಲ್ಲ. ಆದರೆ ಚಳಿಗಾಲದಲ್ಲಿ ಮೊಮ್ಮಕ್ಕಳನ್ನು ಮಲಗಿಸಿ ಹೊದಿಸಿದ ಮೇಲೆ ನನ್ನ ಕೈ ತಾನಾಗಿ ಹಾಸಿಗೆಯ ಅಡಿಗೆ ಹೋಗುತ್ತದೆ. "ಅಜ್ಜಿ, ಏನು ಹುಡುಕ್ತೀ?" ಅಂತ ನಗುತ್ತವೆ. ನೆಲ ಒಣಗಿದೆಯಾ ಅಂತ ನೋಡುತ್ತಿದ್ದೇನೆ ಅನ್ನುತ್ತೇನೆ.

ನೀತಿ: ಕೊಟ್ಟ ಮಾತ್ರಕ್ಕೆ ಆರೈಕೆ ಮುಗಿಯುವುದಿಲ್ಲ. ಕೊಟ್ಟದ್ದು ಆ ಜೀವಕ್ಕೆ ಹಿತವಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಮಾತು ಬಾರದ ಪ್ರಾಣಿ ನಾವು ಕೊಟ್ಟದ್ದನ್ನು ಬಿಟ್ಟು ಎದ್ದು ಹೋದರೆ, ಸಿಟ್ಟಾಗುವ ಮೊದಲು ಅದು ಮಲಗಿದ್ದ ಜಾಗವನ್ನು ಮುಟ್ಟಿ ನೋಡಿ.