ತೆಳ್ಳಗೆ ಬಳಿದ ಕೆಂಪು

“ಅಜ್ಜಾರ, ಆರು ತಿಂಗಳು ಭಟ್ಟಿಯೊಳಗ ಕೂಡಬೇಕಾಗೇತ್ರಿ. ಮನಸ್ಸಿಗೆ ಒಂದೀಟೂ ಹತ್ತದಂಗ ಹ್ಯಾಂಗ ಇದ್ದು ಬರಬೇಕು?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮರುಳಸಿದ್ಧ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ದೀಕ್ಷೆಯ ಮಾತು ಬಂದಾಗಲೆಲ್ಲ ಮುಂದಿನ ಶ್ರಾವಣಕ್ಕೆ ನೋಡೋಣ ಎನ್ನುತ್ತಿದ್ದ. ಮನೆಯವರದು ಚುರುಮುರಿ ಹುರಿಯುವ ಭಟ್ಟಿ. ಅದನ್ನು ನಡೆಸುತ್ತಿದ್ದ ಅಣ್ಣ ಬಿದ್ದು ಸೊಂಟ ಮುರಿದುಕೊಂಡಿದ್ದ. ಅತ್ತಿಗೆ ಮಠಕ್ಕೇ ಬಂದು ಕರೆದು ಹೋಗಿದ್ದಳು. ಹೋಗದಿದ್ದರೆ ಅಣ್ಣನ ಒಲೆ ಆರುತ್ತದೆ, ಹೋದರೆ ತನಗೆ ಮಠ ತಪ್ಪುತ್ತದೆ ಎಂದು ಅವನಿಗೆ ಭಯ. ಅದಕ್ಕೆ ತಾನೇ ಒಂದು ಉಪಾಯ ಹುಡುಕಿಕೊಂಡು ಬಂದಿದ್ದ. ಮೈ ಭಟ್ಟಿಯಲ್ಲಿರಲಿ, ಮನಸ್ಸು ಮಠದಲ್ಲಿರಲಿ. ಕೆಲಸವನ್ನು ಮೇಲೆ ಮೇಲೆ ಮಾಡುವುದು, ತಾವರೆ ಎಲೆಯ ಮೇಲಿನ ನೀರಿನಂತೆ ಇದ್ದು ಜಾರಿಕೊಂಡು ವಾಪಸು ಬರುವುದು. ಇದನ್ನೆಲ್ಲ ಗುರುಗಳ ಮುಂದಿಟ್ಟ, ಅವರು ಒಮ್ಮೆ ಹೂಂ ಎಂದರೆ ಸಾಕಿತ್ತು.

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಾವರೆ ಎಲೆಯನ್ನು ನೀನು ಕಂಡಿದ್ದೀಯೋ ಇಲ್ಲವೋ, ಸೈಕಲ್ಲನ್ನಂತೂ ಕಂಡಿದ್ದೀಯಲ್ಲ, ಅದರದೇ ಒಂದು ಕತೆ ಕೇಳು ಎಂದು ಶುರುಮಾಡಿದರು. ಹೆದ್ದಾರಿಯಲ್ಲಿ ಸೈಕಲ್ ತುಳಿಯುವ ಹುಡುಗರು ಮಠದ ನಲ್ಲಿಯಲ್ಲಿ ನೀರು ತುಂಬಿಕೊಳ್ಳುತ್ತಾರೆ. ಈ ಕತೆ ಅವರಿಂದ ಕೇಳಿದ್ದು.

ಒಬ್ಬ ಸ್ಪರ್ಧಿ ಇದ್ದ. ಇಂಥ ಕತೆಗಳಲ್ಲಿ ಹೆಸರು ಬೇಕಿಲ್ಲ, ಆದರೂ ಕರೆಯುವುದಕ್ಕೆ ಇರಲಿ, ಗೊಲ್ಲಾಳ ಎನ್ನೋಣ. ಅವನು ಇಳಿದಿದ್ದ ಪಂದ್ಯದಲ್ಲಿ ಮೊದಲು ಹಿನ್ನೀರಿನಲ್ಲಿ ಈಜಬೇಕು, ದಡಕ್ಕೆ ಬಂದವನೇ ಸೈಕಲ್ ತುಳಿಯಬೇಕು, ಸೈಕಲ್ಲಿನಿಂದ ಇಳಿದವನೇ ಓಡಬೇಕು. ನಡುವೆ ಕೂರುವ ಹಾಗಿಲ್ಲ. ಯಾರು ಕಂಡುಹಿಡಿದರೋ ಈ ಸಂಕಟವನ್ನು, ಅವರಿಗೆ ಮನೆಯಲ್ಲಿ ಕೆಲಸವಿರಲಿಲ್ಲ ಎಂದು ಕಾಣುತ್ತದೆ. ಅದಕ್ಕೆ ಬೇರೆಯದೇ ಸೈಕಲ್ ಬೇಕು. ಹಿಡಿಯ ಮೇಲೆ ಮೊಣಕೈ ಊರಿ, ಗಾಳಿಗೆ ತಲೆ ಬಾಗಿಸಿ, ಮಲಗಿದ ಹಾಗೆ ತುಳಿಯುವಂಥದ್ದು. ಗೊಲ್ಲಾಳನ ಬಳಿ ಕಾಲಿತ್ತು, ಉಸಿರಿತ್ತು, ಅಂಥ ಸೈಕಲ್ ಇರಲಿಲ್ಲ.

ಅದೇ ಊರಿನಲ್ಲಿ ರುಕ್ಮಾಬಾಯಿ ಎಂಬ ಶಾಲೆಯ ಆಟದ ಶಿಕ್ಷಕಿ ಇದ್ದಳು. ಒಂದು ಕಾಲಕ್ಕೆ ತಾನೂ ಈ ಪಂದ್ಯಗಳಲ್ಲಿ ಓಡಿದವಳು. ಮೊಣಕಾಲು ಕೈಕೊಟ್ಟ ಮೇಲೆ ಅವಳ ಸೈಕಲ್ ಪಡಸಾಲೆಯಲ್ಲಿ ನಿಂತೇ ಇತ್ತು. ಕಡು ಹಸಿರು ಬಣ್ಣ. ಅದರ ಮೇಲೆ ಸಣ್ಣ ಹಳದಿ ಗೆರೆಗಳು, ಅಲ್ಲಲ್ಲಿ ಬಳ್ಳಿಯ ಸುರುಳಿ. ಅವಳ ಅಪ್ಪ ಚಿತ್ರಗಾರ, ಎತ್ತಿನ ಗಾಡಿಗಳಿಗೆ ಬಣ್ಣ ಬರೆದು ಹೆಸರಾದವನು. ಅಳಿಲಿನ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಎಳೆದ ಗೆರೆ ಅದು. ಅದಾದ ಮೇಲೆ ಅವನು ಕುಂಚ ಹಿಡಿಯಲಿಲ್ಲ. ಸತ್ತು ಎಷ್ಟೋ ವರ್ಷವಾಗಿತ್ತು.

ಆ ಸೈಕಲ್ಲನ್ನು ಅವಳು ಗೊಲ್ಲಾಳನಿಗೆ ಪಂದ್ಯ ಮುಗಿಯುವವರೆಗೆ ಕೊಟ್ಟಳು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಹುಡುಗ ಬೆಳಿಗ್ಗೆ ಬೆಳಿಗ್ಗೆ ಹಳೆಯ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಹೋಗುವುದನ್ನು ನೋಡಿ ತಾನಾಗಿಯೇ ಕರೆದು ಕೊಟ್ಟಳು.

ಇಲ್ಲಿಂದ ಗೊಲ್ಲಾಳನ ತಾಪತ್ರಯ ಶುರುವಾಯಿತು. ಊರಿಗೆಲ್ಲ ಆ ಸೈಕಲ್ಲಿನ ಗುರುತಿತ್ತು. ಅವನು ಪ್ರಾಣ ಬಿಟ್ಟು ತುಳಿದುಕೊಂಡು ಬಂದರೆ ಚಹಾದ ಅಂಗಡಿಯವರು, ರುಕ್ಮಾ ಅಕ್ಕೋರ ಸೈಕಲ್ ಬಂತು ನೋಡ್ರಿ, ಎನ್ನುತ್ತಿದ್ದರು. ಗೊಲ್ಲಾಳ ಬಂದ ಎಂದು ಒಬ್ಬನಾದರೂ ಅನ್ನಬೇಡವೇ? ಬೆವರು ಇವನದು, ಹೆಸರು ಸೈಕಲ್ಲಿನದು. ಅವನಿಗೆ ಹೊಟ್ಟೆ ಉರಿಯಿತು. ಪಂದ್ಯದ ದಿನವಾದರೂ ಅದು ತನ್ನ ಸೈಕಲ್ಲಾಗಿ ಕಾಣಬೇಕು ಎಂದು ಹಟ ಹುಟ್ಟಿತು.

ಈಗಿನ ಕಾಲದಲ್ಲಿ ಅದಕ್ಕೂ ಒಂದು ಸಾಮಾನು ಸಿಗುತ್ತದೆ. ರಬ್ಬರಿನಂಥ ಬಣ್ಣ, ಡಬ್ಬಿಯಲ್ಲಿ ಬರುತ್ತದೆ. ತಲೆ ಒತ್ತಿದರೆ ಫುಸ್ಸೆಂದು ಹಾರುತ್ತದೆ. ಒಣಗಿದ ಮೇಲೆ ತೊಗಲಿನ ಹಾಗೆ ಕೂರುತ್ತದೆ. ಬೇಡವಾದಾಗ ಅಂಚು ಹಿಡಿದು ಎಳೆದರೆ ಸುಲಿದು ಬರುತ್ತದೆ, ಕೆಳಗಿನ ಬಣ್ಣ ಇದ್ದ ಹಾಗೇ ಇರುತ್ತದೆ. ಗೊಲ್ಲಾಳ ಹೋಗಿ ಅಪ್ಪಣೆ ಕೇಳಿದ. ರುಕ್ಮಾಬಾಯಿ ಸ್ವಲ್ಪ ಹೊತ್ತು ಸೈಕಲ್ಲನ್ನು ನೋಡಿದಳು. ಬಳಿಯಪ್ಪಾ, ಆದರೆ ಅಪ್ಪನ ಗೆರೆ ನನಗೆ ತಿರುಗಿ ಬೇಕು ಎಂದಳು.

ಗೊಲ್ಲಾಳ ಕೆಂಪು ಬಣ್ಣದ ಡಬ್ಬಿಗಳನ್ನು ತಂದ. ಡಬ್ಬಿಯ ಮೇಲೆ ಬರೆದಿತ್ತು: ಅಡಿಯ ಬಣ್ಣ ಕಾಣದಾಗುವವರೆಗೆ ಕೋಟಿನ ಮೇಲೆ ಕೋಟು ಹೊಡೆಯಿರಿ, ದಪ್ಪವಾಗಿರಲಿ. ಅವನು ಓದಿ ನಕ್ಕ. ಮಾರುವವರು ಹಾಗೆ ಬರೆಯದೆ ಇನ್ನೇನು ಬರೆಯುತ್ತಾರೆ? ಹೆಚ್ಚು ಬಳಿದರೆ ಹೆಚ್ಚು ಅಂಟುತ್ತದೆ, ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ನಾಳೆ ತೆಗೆಯಬೇಕಾದದ್ದನ್ನು ಇವತ್ತು ತೆಳ್ಳಗೆ ಬಳಿಯುವುದೇ ಜಾಣತನ. ಅಕ್ಕೋರ ಅಪ್ಪನ ಗೆರೆಗೂ ಅದೇ ಕ್ಷೇಮ.

ಇನ್ನೊಂದು ಕಾರಣವೂ ಇತ್ತು. ಈ ಪಂದ್ಯದವರಿಗೆ ತೂಕದ ಹುಚ್ಚು. ಗೊಲ್ಲಾಳ ಸೈಕಲ್ಲಿನ ತಿರುಪು ಬಿಚ್ಚಿ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದವನು. ಬಾಟಲಿಯ ಮೇಲೆ ಅಂಟಿಸಿದ್ದ ಚೀಟಿಯನ್ನು ಭಾರವೆಂದು ಕೆರೆದು ಹಾಕಿದವನು. ಅಂಥವನು ಸೈಕಲ್ಲಿಗೆ ದಪ್ಪ ಬಣ್ಣ ಹೊರಿಸುತ್ತಾನೆಯೇ? ಜಿಪುಣ ಅತ್ತೆ ಸೊಸೆಯ ರೊಟ್ಟಿಗೆ ತುಪ್ಪ ಸವರಿದ ಹಾಗೆ, ತೋರಿಸಿಯೂ ತೋರಿಸದ ಹಾಗೆ, ಸಣ್ಣಗೆ ಹೊಡೆದು ಮುಗಿಸಿದ. ಪೆಡಲು ಸೇರುವ ಬುಡದ ಹತ್ತಿರ ಮಾತ್ರ ಡಬ್ಬಿಯ ಬಾಯಿ ಕಟ್ಟಿ, ಆಮೇಲೆ ಒಮ್ಮೆಲೇ ಉಗುಳಿ, ಬಣ್ಣ ದಪ್ಪಗೆ ಇಳಿಯಿತು. ಹಾಳಾಯಿತಲ್ಲ ಎಂದು ಬೈದುಕೊಂಡು ಬಿಟ್ಟ.

ಸೈಕಲ್ ಕೆಂಪಾಯಿತೇ? ಇಲ್ಲ. ಒಳಗಿನ ಹಸಿರು ಇಣುಕಿ, ಕೆಂಪೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣವಾಯಿತು. ಪಂದ್ಯದ ದಿನ ಅವನು ಊರ ನಡುವೆ ತುಳಿದುಕೊಂಡು ಬಂದಾಗ ಚಹಾದ ಅಂಗಡಿಯವರು, ಅಯ್ಯ ಪಾಪ, ರುಕ್ಮಾ ಅಕ್ಕೋರ ಸೈಕಲ್ಲಿಗೆ ಏನಾಯಿತು, ಎಂದರು. ಪಂದ್ಯದಲ್ಲಿ ಗೆದ್ದನೇ ಎಂದು ಕೇಳಬೇಡ. ನಡುವೆ ಎಲ್ಲೋ ಬಂದ. ನಮ್ಮ ಕತೆಗೆ ಅದು ಬೇಕಿಲ್ಲ.

ಪಂದ್ಯ ಮುಗಿಯಿತು. ಸೈಕಲ್ ತಿರುಗಿ ಕೊಡುವ ಮುಂಚೆ ಬಣ್ಣ ಸುಲಿಯಲು ಕುಳಿತ. ಅಂಚು ಹುಡುಕಿದ. ಅಂಚೇ ಇಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎನ್ನುತ್ತಾರೆ. ಇವನು ಉಗುರು ಸವೆಯುವವರೆಗೆ ಕೆರೆದ. ಬಂದದ್ದು ಸಾಸಿವೆಕಾಳಿನಷ್ಟು ಪುಡಿ. ಎಳೆದರೆ ಹರಿಯುತ್ತಿತ್ತು, ಹರಿದಲ್ಲೇ ನಿಲ್ಲುತ್ತಿತ್ತು. ಬಟ್ಟೆ ಹಾಕಿ ಉಜ್ಜಿದ. ಮೊಂಡ ಚಾಕು ತಂದ. ಬಣ್ಣ ಜಗ್ಗಲಿಲ್ಲ. ತೆಳ್ಳಗಿದ್ದದ್ದಕ್ಕೇ ಅದು ಮೈಗೆ ಮೈಯಾಗಿ ಕೂತಿತ್ತು. ಹಿಡಿದು ಎಳೆಯಲು ಅದಕ್ಕೆ ತನ್ನದೆಂಬ ಒಂದು ತೊಗಲು ಬೇಕಲ್ಲ, ಅದೇ ಇರಲಿಲ್ಲ.

ಕೊನೆಗೆ ತಾಳ್ಮೆ ಕೆಟ್ಟು, ಬಟ್ಟೆಗೆ ಥಿನ್ನರ್ ಸುರಿದುಕೊಂಡು ಒರೆಸಿದ. ಕೆಂಪು ಹೋಯಿತು. ಖುಷಿಯಾಗಿ ಇನ್ನೊಮ್ಮೆ ಒರೆಸಿದ. ಬಟ್ಟೆ ತಿರುಗಿಸಿ ನೋಡಿದರೆ ಅದರ ಮೇಲೆ ಹಳದಿ ಇತ್ತು.

ಒಂದು ಬಳ್ಳಿಯ ಸುರುಳಿ ಪೂರ್ತಿ ಹೋಗಿತ್ತು. ಸತ್ತವನ ಗೆರೆ, ಇನ್ನು ಯಾರೂ ಎಳೆಯಲಾರದ ಗೆರೆ, ತನ್ನ ಕೈಯಲ್ಲಿ ಬಟ್ಟೆಯ ಕಲೆಯಾಗಿ ಕೂತಿತ್ತು. ಗೊಲ್ಲಾಳನಿಗೆ ನಾಚಿಕೆಯಾಯಿತು, ಆಮೇಲೆ ಅಳು ಬಂತು. ಅಳುತ್ತಲೇ ಒಂದು ಕೆಟ್ಟ ವಿಚಾರವೂ ಬಂತು. ಬೋರ್ಡು ಬರೆಯುವವನ ಹತ್ತಿರ ಹೋಗಿ ಅದೇ ಹಳದಿಯಲ್ಲಿ ಒಂದು ಸುರುಳಿ ಎಳೆಸಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ಇಂಥ ವಿಚಾರಗಳಿಗೆ ದಾರಿ ತೋರಿಸಬೇಕಿಲ್ಲ, ಅವೇ ಬರುತ್ತವೆ.

ಆದರೆ ಉಳಿದ ಗೆರೆಗಳ ಗತಿ ಏನು? ಅವೆಲ್ಲ ಇನ್ನೂ ಆ ತೆಳು ಬಣ್ಣದ ಕೆಳಗೇ ಇದ್ದವು. ಸೈಕಲ್ಲನ್ನು ತಲೆಕೆಳಗು ಮಾಡಿ ಕೂತ. ಏನು ಮಾಡಲೂ ತೋಚದೆ ಪೆಡಲಿನ ಬುಡದಲ್ಲಿ ಬೆರಳಾಡಿಸಿದ. ಅಲ್ಲಿ ಬಣ್ಣ ದಪ್ಪಗೆ ಇಳಿದು ನಿಂತಿತ್ತಲ್ಲ, ಅದರ ಅಂಚು ಬೆರಳಿಗೆ ಸಿಕ್ಕಿತು. ಎಳೆದ. ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಕೆಳಗೆ ಹಸಿರು ಹಸಿರಾಗಿತ್ತು, ಹಳದಿ ಹಳದಿಯಾಗಿತ್ತು. ಹಾಳಾಯಿತು ಎಂದು ಬೈದುಕೊಂಡು ಬಿಟ್ಟ ಜಾಗವೊಂದೇ ಸರಿಯಾಗಿ ಬಿಟ್ಟುಕೊಟ್ಟಿತ್ತು.

ಗೊಲ್ಲಾಳ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದ. ಈಗ ಮಾಡಬೇಕಾದದ್ದು ಗೊತ್ತಾಗಿತ್ತು, ಮಾಡಲು ಧೈರ್ಯ ಇರಲಿಲ್ಲ. ಹೋಗಬೇಕಾದ ಬಣ್ಣದ ಮೇಲೆ ಇನ್ನಷ್ಟು ಅದೇ ಬಣ್ಣ ಸುರಿಯಬೇಕು. ಉರಿಯುವ ಬೆಂಕಿಗೆ ತುಪ್ಪ ಹಾಕಿ ಆರಿಸುತ್ತೇನೆ ಎಂದ ಹಾಗೆ. ಒಂದು ಸುರುಳಿ ಹೋಗಿದೆ, ಈ ಲೆಕ್ಕ ತಪ್ಪಿದರೆ ಎಲ್ಲ ಗೆರೆಯೂ ಹೋಗುತ್ತದೆ. ಡಬ್ಬಿ ಎತ್ತಿದ, ಇಟ್ಟ, ಮತ್ತೆ ಎತ್ತಿದ. ಕೊನೆಗೆ ಹೊಡೆದ. ಒಣಗಲು ಬಿಟ್ಟು ಮತ್ತೆ ಹೊಡೆದ. ತೂಕ ನೋಡಲಿಲ್ಲ, ಡಬ್ಬಿ ಖಾಲಿಯಾದರೆ ಇನ್ನೊಂದು ಎತ್ತಿಕೊಂಡ. ಹಸಿರು ಒಂದು ಚೂರೂ ಕಾಣದಾಗುವವರೆಗೆ ಕೈ ನಿಲ್ಲಿಸಲಿಲ್ಲ.

ಆಗ ಆ ಸೈಕಲ್ ಮೊದಲ ಸಲ ಕೆಂಪಾಯಿತು. ಎಂಥ ಕೆಂಪು! ಪಂದ್ಯದಲ್ಲಿ ಇದನ್ನು ತುಳಿಯಬೇಕಾಗಿತ್ತು ಎಂದು ಅವನಿಗೆ ಅನ್ನಿಸಿತು. ಪಂದ್ಯ ಮುಗಿದಿತ್ತು.

ಮರುದಿನ ಅಂಚು ಹಿಡಿದು ಎಳೆದ. ಹಳೆಯ ತೆಳು ಬಣ್ಣ ಹೊಸ ಬಣ್ಣದ ಬೆನ್ನು ಹತ್ತಿ ಎದ್ದು ಬಂತು. ಒಂದೊಂದು ಕೊಳವೆಯಿಂದಲೂ ಅಂಗಿಯ ತೋಳು ಬಿಚ್ಚಿದ ಹಾಗೆ ಬಂತು. ಗೆರೆಗಳೆಲ್ಲ ಇದ್ದವು, ತಾನು ಒರೆಸಿದ ಆ ಒಂದು ಸುರುಳಿಯ ಹೊರತು.

ಬೋರ್ಡು ಬರೆಯುವವನ ಹತ್ತಿರ ಅವನು ಹೋಗಲಿಲ್ಲ. ಸೈಕಲ್ ನೂಕಿಕೊಂಡು, ಹಳದಿ ಹತ್ತಿದ ಬಟ್ಟೆಯನ್ನೂ ಹಿಡಿದುಕೊಂಡು, ನೇರ ರುಕ್ಮಾಬಾಯಿಯ ಮನೆಗೆ ಹೋದ. ತೂಕ ಉಳಿಸಲು ಹೋದದ್ದು, ತೆಳ್ಳಗೆ ಹೊಡೆದದ್ದು, ಕೆರೆದದ್ದು, ಒರೆಸಿದ್ದು, ಒಂದನ್ನೂ ಮುಚ್ಚದೆ ಹೇಳಿದ. ಅವಳು ಆ ಬೋಳು ಜಾಗದ ಮೇಲೆ ಹೆಬ್ಬೆರಳು ಇಟ್ಟಳು. ಅವಳ ಕಣ್ಣು ತುಂಬಿದ್ದನ್ನು ಗೊಲ್ಲಾಳ ನೋಡಿದ. ಬೈದುಬಿಡಲಿ ಎಂದು ಕಾದ. ಅವಳು ಬೈಯಲಿಲ್ಲ.

“ಬಣ್ಣ ಹಚ್ಚಿದ್ದಕ್ಕ ನನಗ ಸಿಟ್ಟಿಲ್ಲೋ ತಮ್ಮಾ,” ಎಂದಳು. “ನಾ ಸೈಕಲ್ ಪೂರಾ ಕೊಟ್ಟಿದ್ದೆ. ನೀ ಅದನ್ನ ಅರ್ಧಾನೂ ತಗೊಳ್ಳಲಿಲ್ಲ.”

ಸೈಕಲ್ಲನ್ನು ಒಳಗೆ ತೆಗೆದುಕೊಂಡು ಹೋದಳು. ಬಾಗಿಲು ಹಾಕಲಿಲ್ಲ, ಅವನನ್ನು ಒಳಗೆ ಕರೆಯಲೂ ಇಲ್ಲ. ಗೊಲ್ಲಾಳ ಕಟ್ಟೆ ಇಳಿದು ನಡೆದುಕೊಂಡೇ ಮನೆಗೆ ಹೋದ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಮರುಳಸಿದ್ಧನ ಮುಖ ಗೆಲುವಾಗಿತ್ತು. ಹೇಗೆ ಇದ್ದು ಬರಬೇಕು ಎಂಬುದಕ್ಕೆ ಉತ್ತರ ಸಿಕ್ಕಿತು ಎಂದುಕೊಂಡ. ಒಲ್ಲದ ಮನಸ್ಸಿನಿಂದ ಕೂತರೆ ಭಟ್ಟಿ ಬೆನ್ನು ಬಿಡುವುದಿಲ್ಲ, ಮನಸ್ಸಿಟ್ಟು ದುಡಿದರೆ ಅಣ್ಣ ಎದ್ದ ದಿನ ಹಗುರಾಗಿ ಎದ್ದು ಬರಬಹುದು. ಇಷ್ಟು ಸಲೀಸಾದ ಮಾತಿಗೆ ತಾನು ಇಷ್ಟು ದಿನ ಒದ್ದಾಡಿದೆನಲ್ಲ ಎಂದು ಅವನಿಗೆ ನಗು ಬಂತು.

“ಹಂಗಾದ್ರ ಭಟ್ಟಿಯೊಳಗ ಪೂರಾ ಮುಳುಗಬೇಕು, ಅಷ್ಟ ಹೌದಲ್ರಿ ಅಜ್ಜಾರ?” ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿದರು.

“ಭಟ್ಟಿ ಮಾತು ಆಮ್ಯಾಲ, ಮಠಕ್ಕ ನೀ ಪೂರಾ ಬಂದೀ ಏನು?”