ಛಾವಣಿಯ ಬೊಟ್ಟು

ಕಲ್ಲಿದ್ದಲ ಗಣಿಯೊಂದರಲ್ಲಿ ಗುರುಪಾದ ಎಂಬ ಮೇಸ್ತ್ರಿಯಿದ್ದ. ಛಾವಣಿ ತಟ್ಟುವುದು ಅವನ ಕೆಲಸ. ಕೂಲಿಯವರು ಸುರಂಗಕ್ಕೆ ಕಾಲಿಡುವ ಮೊದಲು, ಉದ್ದನೆಯ ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಕಲ್ಲನ್ನು ತಟ್ಟುತ್ತ ಹೋಗಬೇಕು. ಠಣ್ ಎಂದರೆ ಕಲ್ಲು ಗಟ್ಟಿ. ದಬ್ ಎಂದರೆ ಸಡಿಲ, ಅಲ್ಲಿ ಕಂಬ ಕೊಡಬೇಕು, ಇಲ್ಲವೇ ಕೆಡವಬೇಕು. ಸಂತೆಯಲ್ಲಿ ಗಡಿಗೆಯನ್ನು ಬೆರಳಿಂದ ತಟ್ಟಿ ಕೊಳ್ಳುವುದಿಲ್ಲವೇ, ಹಾಗೇ ಅನ್ನಿ. ಗುರುಪಾದ ತಟ್ಟಿ ಸರಿ ಎಂದ ಕಡೆ ಯಾರಿಗೂ ಒಂದು ಗೀರು ಬಿದ್ದದ್ದಿಲ್ಲ.

ಆ ಧೈರ್ಯದ ಮೇಲೆಯೇ ಅವನ ತಂಗಿ ನೀಲವ್ವ ಗಂಡ ಸಿದ್ರಾಮನನ್ನು ಗಣಿಗೆ ಕಳಿಸಲು ಒಪ್ಪಿದ್ದಳು. ಅಣ್ಣ ಇದ್ದಾನಲ್ಲ, ಮತ್ತೇನು ಚಿಂತೆ ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು ಪಾಪ.

ಹೊಸ ಸುರಂಗ ಕೊರೆಯುವಾಗ ಛಾವಣಿಯಲ್ಲೊಂದು ದುಂಡನೆಯ ಗುರುತು ಕಂಡಿತು. ಪರಾತದಷ್ಟು ಅಗಲ, ಸುತ್ತ ಕರಿ ಅಂಚು, ದೀಪದ ಬೆಳಕಿಗೆ ಥೇಟ್ ಹಣೆಯ ಬೊಟ್ಟು. ಭೂಮಿತಾಯಿಯೇ ಬೊಟ್ಟಿಟ್ಟುಕೊಂಡಿದ್ದಾಳೆ ಎಂದು ಯಾರೋ ಅಂದರು, ಉಳಿದವರು ಕೈಮುಗಿದರು. ಗಣಿಯೊಳಗೆ ಬೆಂಕಿ ಕೂಡದು, ಹಾಗಾಗಿ ಊದಿನಕಡ್ಡಿ ಬರಲಿಲ್ಲ, ಕುಂಕುಮ ಬಂತು. ಅಲ್ಲಿಂದಾಚೆ ಎಲ್ಲರೂ ಬುತ್ತಿ ಬಿಚ್ಚುವುದು ಬೊಟ್ಟಿನ ಕೆಳಗೇ.

ಗುರುಪಾದನ ಸಲಾಕೆ ಮಾತ್ರ ಅಲ್ಲಿ ತಡೆಯಿತು. ತಾಯಿಯ ಹಣೆಗೆ ಕಬ್ಬಿಣ ತಾಗಿಸುವುದುಂಟೆ? ಸುತ್ತಮುತ್ತ ತಟ್ಟಿದ, ಅದೊಂದನ್ನು ಬಿಟ್ಟ. ಮರುದಿನವೂ ಬಿಟ್ಟ. ಆಮೇಲೆ ಬಿಡುವುದೇ ರೂಢಿಯಾಯಿತು. ಅಂಥ ಕಿವಿ ಇಟ್ಟುಕೊಂಡು ಹೀಗೆ ಮಾಡಿದನಲ್ಲ, ಏನೆನ್ನೋಣ ಹೇಳಿ.

ಸಿದ್ರಾಮ ಇದನ್ನು ಗಮನಿಸಿದ್ದ. ಒಮ್ಮೆ ಮೆಲ್ಲಗೆ ಅಂದ:

"ಭಾವ, ಅಲ್ಲೂ ಒಂದೇಟು ತಟ್ಟಿಬಿಡು. ತಪ್ಪಾತಂದ್ರ ಕಾಯಿ ಒಡಸೂಣು."

ಗುರುಪಾದನಿಗೆ ಕೋಪ ಬಂತು. ದೇವರನ್ನು ಪರೀಕ್ಷೆ ಮಾಡುವಷ್ಟು ದೊಡ್ಡವರಾದೆವಾ ನಾವು ಎಂದು ಗದರಿದ. ಭಾವನೇ ಹೇಳಿದ ಮೇಲೆ ಮುಗಿಯಿತು ಎಂದುಕೊಂಡ ಸಿದ್ರಾಮ. ಅವತ್ತು ಉಳಿದವರಿಗಿಂತ ಮೊದಲೇ ಹೋಗಿ, ಬೊಟ್ಟಿನ ಕೆಳಗೆ ಕೂತು, ನೀಲವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿದ.

ಮುನ್ಸೂಚನೆಯ ಒಂದು ಸದ್ದೂ ಇಲ್ಲದೆ ಬೊಟ್ಟಿನ ಕಲ್ಲು ಬಿತ್ತು. ನೀರು ತರಲು ಆಚೆ ಹೋಗಿದ್ದ ಗುರುಪಾದ ಓಡಿ ಬರುವಷ್ಟರಲ್ಲಿ ಸಿದ್ರಾಮನ ಉಸಿರು ಹೋಗಿತ್ತು.

ಬಿದ್ದದ್ದನ್ನು ಹೊರಳಿಸಿ ನೋಡಿದರೆ ಅದು ಮರದ ಬೊಡ್ಡೆ. ಯಾವ ಕಾಲದಲ್ಲೋ ಕಾಡು ಹೂತು ಕಲ್ಲಿದ್ದಲಾದಾಗ ಈ ಬೊಡ್ಡೆ ಕಲ್ಲಾಗಿ ನಿಂತಿತ್ತು. ಕರಿ ಅಂಚೆಂದರೆ ಅದರ ತೊಗಟೆ, ಎಣ್ಣೆ ಸವರಿದಷ್ಟು ನುಣುಪು. ಹಿಡಿದುಕೊಳ್ಳುವುದೇನೂ ಇಲ್ಲದೆ ಬಿರಡೆಯ ಹಾಗೆ ಜಾರಿಬಿಟ್ಟಿತ್ತು. ಒಂದೇಟು ಬಿದ್ದಿದ್ದರೆ ದಬ್ ಎಂದು ಹೇಳಿಬಿಡುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಗುರುಪಾದ ತಂಗಿಯ ಎದುರು ಕುಸಿದು ಕೂತ. ತಾಯಿಯ ಹಣೆ ಎಂದು ತಟ್ಟದೆ ಬಿಟ್ಟೆ, ಅವಳಿಗೆ ನೋವಾದೀತೆಂದು ಬಿಟ್ಟೆ ಎಂದು ಎದೆ ಬಡಿದುಕೊಂಡು ಅತ್ತ. ನೀಲವ್ವನ ಮಡಿಲಲ್ಲಿ ಕೂಸು ಹಾಲು ಕುಡಿಯುತ್ತಿತ್ತು. ಅದರ ಪುಟ್ಟ ಕಾಲನ್ನು ಅವಳು ಅಂಗೈಯಲ್ಲಿ ಹಿಡಿದಳು.

"ಅಣ್ಣಾ," ಅಂದಳು, "ಈ ಕೂಸು ದಿನಾ ನನ್ನ ಎದಿಗೆ ಒದೀತದ. ಒಂದಿನಾನೂ ನನಗ ಸಿಟ್ಟು ಬಂದಿಲ್ಲ. ನೀ ತಟ್ಟಿದ್ರ ಆ ತಾಯಿಗೆ ಬರತಿತ್ತೇನು?"

ಆಮೇಲೂ ಗುರುಪಾದ ಗಣಿಗೆ ಹೋದ, ಛಾವಣಿ ತಟ್ಟಿದ. ಎಲ್ಲಿ ಕುಂಕುಮ ಕಂಡರೂ ಮೊದಲು ಕೈಮುಗಿದು, ಆಮೇಲೆ ಅಲ್ಲೇ ಸಲಾಕೆ ಎತ್ತುತ್ತಿದ್ದ. ಎತ್ತುವಾಗೆಲ್ಲ ಕಣ್ಣು ತುಂಬುತ್ತಿತ್ತು.

ನೀತಿ: ನಂಬಿದ್ದನ್ನು ತಟ್ಟಿ ನೋಡಿದರೆ ಅಪಚಾರವಾಗದು. ನಮ್ಮನ್ನು ನಂಬಿದವರನ್ನು, ತಟ್ಟದೆ ಬಿಟ್ಟ ಕಲ್ಲಿನ ಕೆಳಗೆ ಕೂರಿಸುವುದೇ ಅಪಚಾರ.