ಕೊನೆಯ ಸಾಲಿಗೆ ಕೇಳಿಸದ ಕತೆ

ಶಿಷ್ಯನೊಬ್ಬ ಗುರುತಾಯಿಯನ್ನು ಕೇಳಿದ: “ಅಮ್ಮಾ, ಮುಂದೆ ಕೂತ ನಾವು ಮಾತಾಡುತ್ತಲೇ ಪಾಠ ಕೇಳುತ್ತೇವೆ. ಒಪ್ಪಿಸು ಎಂದರೆ ಒಂದಕ್ಷರ ತಪ್ಪದೆ ಒಪ್ಪಿಸುತ್ತೇವೆ. ಆದರೂ ದಿನಾ ಬೈಸಿಕೊಳ್ಳುತ್ತೇವೆ. ನಮ್ಮ ಮಾತಿನಿಂದ ಯಾರಿಗೇನು ನಷ್ಟ?”

ಗುರುತಾಯಿ ನಕ್ಕರು. “ನಿನ್ನ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಾಲಿಗೆಗೆ ಸ್ವಲ್ಪ ಬಿಡುವು ಕೊಟ್ಟು ಒಂದು ಕತೆ ಕೇಳು,” ಎಂದು ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಮೂವತ್ತು ವರ್ಷ ಹರಿಗೋಲಿನಲ್ಲಿ ಊರ ಮಕ್ಕಳನ್ನು ಆಚೆ ದಡದ ಪಾಠಶಾಲೆಗೆ ದಾಟಿಸಿದ. ತಾನು ಮಾತ್ರ ಅದರ ಹೊಸ್ತಿಲು ತುಳಿಯಲಿಲ್ಲ. ಓದಿನ ಆಸೆ ಅವನಿಗೆ ಬಹಳ ಇತ್ತು. ಅದಕ್ಕೇ ಮಗಳನ್ನು ಅಲ್ಲಿಗೆ ಸೇರಿಸಿದ. ಸಂಜೆ ಅವಳನ್ನು ಕರೆತರುವಾಗ, ಹುಟ್ಟು ಹಾಕುತ್ತಾ, ಅವತ್ತಿನ ಪಾಠ ಹೇಳಿಸಿಕೊಳ್ಳುವನು.

ಮಗಳಿಗೆ ಸಿಕ್ಕಿದ್ದು ಕೊನೆಯ ಸಾಲು. ಮುಂದಿನವರು ಪಿಸುಗುಟ್ಟಿದರೆ ನಡುವಿನವರು ಮಾತಾಡುವರು, ನಡುವಿನವರು ಮಾತಾಡಿದರೆ ಹಿಂದೆ ಸಂತೆ ನೆರೆಯುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪಾಠ ಮುಗಿಯುವ ಹೊತ್ತಿಗಂತೂ ಎಲ್ಲರೂ ಪಾಟಿಚೀಲ ಎತ್ತಿಕೊಂಡು ಏಳುವರು. ಗುರುಗಳ ಕೊನೆಯ ಮಾತು ಅವಳಿಗೆ ಒಂದು ದಿನವೂ ಕೇಳಿಸಲಿಲ್ಲ. ಹೀಗೆ ಅಪ್ಪನಿಗೆ ತಲುಪುತ್ತಿದ್ದುದೆಲ್ಲ ಅರ್ಧ ಪಾಠ. ಪಾಲಿಗೆ ಬಂದದ್ದು ಪಂಚಾಮೃತ ಎಂದು ಅವನು ಅದನ್ನೇ ಮೆಲುಕು ಹಾಕುವನು.

ಒಂದು ದಿನ ಗುರುಗಳು ಅಣ್ಣತಮ್ಮಂದಿರ ಕತೆ ಹೇಳಿದರು. ತಮ್ಮ ಮುನಿಸಿಕೊಂಡು ಮನೆ ಬಿಟ್ಟ. ಅಣ್ಣ ಊರೂರು ಹುಡುಕಿದ. ಸಂಜೆ ಅಷ್ಟು ಕೇಳಿದ್ದೇ ಅಂಬಿಗನ ಕೈ ನಿಂತಿತು. ಅವನ ಒಡಹುಟ್ಟಿದ ತಮ್ಮನೂ ಹಾಗೆಯೇ ಹೋದವನು, ಇಪ್ಪತ್ತು ವರ್ಷವಾದರೂ ಬಂದಿರಲಿಲ್ಲ.

“ತಮ್ಮ ಸಿಕ್ಕನೇನವ್ವಾ?”

“ಕೊನೀದು ಕೇಳಿಸಲಿಲ್ಲಪ್ಪ. ನಾಳೆ ಕೇಳ್ಕೊಂಡು ಬರ್ತೀನಿ.”

ಅಂಬಿಗ ಅವತ್ತು ಸರಿಯಾಗಿ ಉಣ್ಣಲಿಲ್ಲ. ಮರುದಿನ ಅವಳು ಮುಂದಿನ ಸಾಲಿನವರನ್ನು ಕೇಳಿದರೆ, ಹಳೇ ಕತೆ ಯಾಕೆ ಎಂದು ಓಡಿಹೋದರು. ತರಗತಿಯಲ್ಲಿ ಎದ್ದು ನಿಂತು ಗುರುಗಳನ್ನೇ ಕೇಳಿದಳು. ಅವರು ಉತ್ತರ ಹೇಳಿದರು. ತುಟಿ ಆಡಿದ್ದು ಕಂಡಿತು, ಗದ್ದಲದಲ್ಲಿ ಮಾತು ಕೇಳಿಸಲಿಲ್ಲ. ಮತ್ತೆ ಕೇಳಿದಳು. “ಎಷ್ಟು ಸಲ ಹೇಳಬೇಕು?” ಎಂದು ಗುರುಗಳು ಗದರಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ತಿಳಿಯಿತು ಎಂಬಂತೆ ತಲೆಯಾಡಿಸಿ ಕುಳಿತಳು. ಗುರುಗಳು ಅದನ್ನೇ ನಂಬಿದರು.

ಸಂಜೆ ಅಪ್ಪ ದಡದಲ್ಲಿ ಎದ್ದು ನಿಂತು ಕಾಯುತ್ತಿದ್ದ. ಆ ಮುಖ ನೋಡಿ ಅವಳಿಗೆ ಕೇಳಿಸಲಿಲ್ಲ ಎನ್ನಲು ಬಾಯಿ ಬರಲಿಲ್ಲ.

“ಸಿಕ್ಕಿದನಂತಪ್ಪ,” ಎಂದಳು.

ಅಂಬಿಗ ಸಂತೋಷಕ್ಕೆ ಅತ್ತುಬಿಟ್ಟ. ಅಂದಿನಿಂದ ಆಚೆ ದಡದಲ್ಲಿ ಯಾರು ಕೂಗಿದರೂ ತಮ್ಮನೇ ಎಂದು ಹರಿಗೋಲು ಬಿಡುವನು. ಹತ್ತಿದವರ ಮುಖವನ್ನೆಲ್ಲ ಹುಡುಕುವನು. ಹಾಗೆ ಹನ್ನೊಂದು ವರ್ಷ ನೋಡಿ, ಆ ಹಂಬಲದಲ್ಲೇ ಕಣ್ಣು ಮುಚ್ಚಿದ. ಮಗಳು ನಾಚಿಕೆ ಬಿಟ್ಟು ಕತೆಯ ಕೊನೆ ಕೇಳಲು ಪಾಠಶಾಲೆಗೆ ಹೋಗುವಷ್ಟರಲ್ಲಿ ಆ ಗುರುಗಳೂ ತೀರಿಕೊಂಡಿದ್ದರು.

ಗುರುತಾಯಿ ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಅಮ್ಮಾ, ಗುರುಗಳ ಕತೆಯಲ್ಲಿ ತಮ್ಮ ನಿಜವಾಗಿ ಸಿಕ್ಕಿದನೇ, ಇಲ್ಲವೇ?”

“ಗೊತ್ತಿಲ್ಲ ಮಗು,” ಎಂದರು ಗುರುತಾಯಿ, “ಅವತ್ತು ನನಗೆ ಕೇಳಿಸಲಿಲ್ಲ.”